ಬಳಿಯಲ್ಲಿ ಕುಳಿತವಳ ಪಾಲು

ಗಂಡನು ನಡಿಸುವ ಲಾರಿಯಲ್ಲಿ ಸುಮ್ಮನೆ ಬಳಿಯಲ್ಲಿ ಕುಳಿತು ಹೋಗುವ ಹೆಂಡತಿಗೆ ಆ ಪ್ರಯಾಣದ ವಿಷಯದಲ್ಲಿ ಹೊಣೆ ಉಂಟೋ? ಹಮ್ಮಿಗಿಯ ಕಡೆಯ ಒಬ್ಬ ಸಹೋದರಿಯು ಆರಾಧನೆಯಾದ ಮೇಲೆ ಈ ಪ್ರಶ್ನೆಯನ್ನು ನನ್ನ ಮುಂದೆ ಇಟ್ಟಳು.

ಉಳ್ಳಾಗಡ್ಡಿಯ ಸುಗ್ಗಿಯಲ್ಲಿ ಆಕೆಯ ಗಂಡನು ಗದಗಿನಿಂದ ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗದ ಮಾರ್ಗವಾಗಿ ಬೆಂಗಳೂರಿಗೆ ಮಾಲು ಒಯ್ಯುವನು. ದಾರಿಯು 400 ಕಿಲೋಮೀಟರಿಗಿಂತ ಹೆಚ್ಚು. ಬೆಳಗಿನ ಪೇಟೆಗೆ ಮುಟ್ಟಬೇಕು. ಕ್ಲೀನರನ ಕೂಲಿ ಉಳಿಯಲೆಂದು ಆಕೆಯೇ ಜೊತೆಗೆ ಹೋಗುವಳು. “ಉಪದೇಶಿಗಳೇ, ನಡುರಾತ್ರಿಯಲ್ಲಿ ಅವರಿಗೆ ತೂಕಡಿಕೆ ಬಂದಿತು. ನಿಲ್ಲಿಸಿರಿ ಎನ್ನಬೇಕೆಂದಿದ್ದೆನು, ಆದರೆ ಹೆಂಡತಿಯು ಗಂಡನಿಗೆ ಅಧೀನಳಾಗಿರಬೇಕಲ್ಲಾ ಎಂದು ಸುಮ್ಮನಾದೆನು. ಅಂದು ದೇವರು ಕಾಯ್ದನು. ಯಾರಾದರೂ ಗಾಲಿಗೆ ಸಿಕ್ಕಿದ್ದರೆ ಆ ರಕ್ತದಲ್ಲಿ ನನಗೂ ಪಾಲಿರುತ್ತಿತ್ತೋ?” ಎಂದು ಕೇಳಿದಳು.

ತುಂಗಭದ್ರೆಯ ದಂಡೆಯವರಾದ ನಮಗೆ ಹರಿಗೋಲಿನ ನೀತಿಯು ಗೊತ್ತಿದೆ. ಕುಳಿತವನು ಎದ್ದು ಅಲುಗಾಡಿದರೆ ಎಲ್ಲರೂ ಮುಳುಗುವರು. ಹುಟ್ಟು ಹಾಕುವವನ ಕೈಯನ್ನು ಹಿಡಿಯಬಾರದು. ಹಾಗೆಯೇ ಲಾರಿಯಲ್ಲಿ ತಿರುವು ತಿರುವಿಗೂ ತಪ್ಪು ಹುಡುಕುವದೂ ಮನೆಯ ಜಗಳವನ್ನು ತೆಗೆಯುವದೂ ಸಲ್ಲದು. ಆದರೆ ಹರಿಗೋಲಿನ ತಳದಲ್ಲಿ ನೀರು ಒಸರುವದನ್ನು ಕಂಡವನು ಬಾಯಿ ಮುಚ್ಚಿಕೊಂಡರೆ ಅದನ್ನು ಯಾರಾದರೂ ವಿಧೇಯತೆ ಎನ್ನುವರೋ?

ಯೋನನು ತೆರವನ್ನು ಕೊಟ್ಟು ಹಡಗನ್ನು ಹತ್ತಿದನು. ಬಿರುಗಾಳಿಯಲ್ಲಿ ಕೆಳಗೆ ಮಲಗಿ ನಿದ್ರಿಸಿದನು. ಹಡಗಿನ ನಾಯಕನು ಅವನನ್ನು ಎಬ್ಬಿಸಿ ಪ್ರಾರ್ಥಿಸಹೇಳಿದನು. ತೆರ ಕೊಟ್ಟ ಮಾತ್ರಕ್ಕೆ ಅವನ ಹೊಣೆ ತೀರಲಿಲ್ಲ. ಫಿಲಿಪ್ಪನಾದರೋ ಕಂಚುಕಿಯ ರಥವನ್ನೇರಿ ಬಳಿಯಲ್ಲಿ ಕುಳಿತು ಅವನಿಗೆ ಬೆಳಕಾದನು. ಎಫೆಸದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಅಪೊಸ್ತಲನು ಹೆಂಡತಿಯರಿಗೆ ಹೇಳುವದಕ್ಕಿಂತ ಮೊದಲು ಎಲ್ಲರೂ ಒಬ್ಬರಿಗೊಬ್ಬರು ವಿನಯವುಳ್ಳವರಾಗಿರಬೇಕೆಂದು ಬೋಧಿಸುತ್ತಾನೆ. ಆದಕಾರಣ ಗಂಡನ ಪ್ರಾಣವನ್ನೂ ದಾರಿಹೋಕನ ಪ್ರಾಣವನ್ನೂ ಉಳಿಸುವ ಮಾತು ಅವಿಧೇಯತೆಯಲ್ಲ.

ನಿದ್ದೆಗೆ ಮದ್ದು ನಿದ್ದೆಯೇ. ಚಹಾ ಕುಡಿಸಿದರೂ ಕೀರ್ತನೆ ಹಾಡಿಸಿದರೂ ಅದು ಸ್ವಲ್ಪ ಹೊತ್ತು ದೂರ ನಿಲ್ಲುವದೇ ಹೊರತು ಬಿಟ್ಟು ಹೋಗದು. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯು ದಿನಕ್ಕೆ 8 ತಾಸಿನ ಕೆಲಸವನ್ನೂ 5 ತಾಸು ದುಡಿಯುವಷ್ಟರೊಳಗೆ ಅರ್ಧ ತಾಸಿನ ವಿಶ್ರಾಂತಿಯನ್ನೂ ಗೊತ್ತುಮಾಡಿದ್ದು ಮನುಷ್ಯನ ಶರೀರವು ಯಂತ್ರವಲ್ಲವೆಂದೇ. ಇಷ್ಟನ್ನು ತಿಳಿದೂ ದೇವರು ಕಾಯುವನೆಂದು ಕಣ್ಣೆಳೆಯುವಾಗ ಓಡಿಸುವದು ವಿಶ್ವಾಸವಲ್ಲ, ದೇವರನ್ನು ಪರೀಕ್ಷಿಸುವದಾಗಿದೆ.

ಆದರೂ ‘ನಿಲ್ಲಿಸಿರಿ’ ಎಂಬ ಮಾತಿಗೆ ಬೆಲೆಯುಂಟು. ತಡವಾದರೆ ಮಾಲಿನ ದರ ಇಳಿಯಬಹುದು, ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಗಂಡನು ಅವಸರಪಡುವದು ಯಾರಿಗೋಸ್ಕರ? ಮನೆಯವರಿಗೋಸ್ಕರವಲ್ಲವೇ? ರಾತ್ರಿ ನಿಲ್ಲಿಸಿರಿ ಎಂದವಳು ಮರುದಿನ ಹಣ ಯಾಕೆ ಕಡಿಮೆಯಾಯಿತೆಂದು ಗದರಿಸಿದರೆ ಆ ಮಾತು ಬರಿದು. ನಷ್ಟದಲ್ಲಿ ಪಾಲು ತಕ್ಕೊಳ್ಳುವವಳಿಗೇ ನಿಲ್ಲಿಸೆನ್ನುವ ಅಧಿಕಾರವುಂಟು.

ಆದಕಾರಣ ನಾನು ಆ ಸಹೋದರಿಗೆ ಹೀಗೆ ಹೇಳಿದೆನು: “ತಾಯೀ, ಪಾಲು ಇರುತ್ತಿತ್ತು. ಸ್ಟೇರಿಂಗು ಹಿಡಿದವನಷ್ಟು ಅಲ್ಲ, ಬೇಗ ಮುಟ್ಟಿಸೆಂದು ಒತ್ತಾಯಿಸಿದವರಷ್ಟೂ ಅಲ್ಲ, ಆದರೂ ಇರುತ್ತಿತ್ತು. ಕರ್ತನು ಕ್ಷಮಿಸುವವನು. ಮುಂದಿನ ಸಾರಿ ಹೊರಡುವದಕ್ಕೆ ಮುಂಚೆಯೇ, ಮನೆಯಲ್ಲಿ ಪ್ರಾರ್ಥನೆ ಮಾಡಿ ಎದ್ದಾಗ, ನಿಲ್ಲುವ ಸ್ಥಳವನ್ನು ಇಬ್ಬರೂ ಗೊತ್ತುಮಾಡಿಕೊಳ್ಳಿರಿ. ಕಡಿಮೆಯಾದದ್ದನ್ನು ಇಬ್ಬರೂ ಹಂಚಿಕೊಂಡು ಉಣ್ಣಿರಿ.”

ಸಭೆಯವರಾದ ನಾವೂ ಒಂದೇ ದಾರಿಯಲ್ಲಿ ಒಬ್ಬರ ಬಳಿಯಲ್ಲೊಬ್ಬರು ಕುಳಿತವರು. ತೂಕಡಿಸುವ ಸಹೋದರನನ್ನು ಪ್ರೀತಿಯಿಂದ ಎಬ್ಬಿಸುವದಕ್ಕೂ, ಅವನ ನಷ್ಟದಲ್ಲಿ ಪಾಲುಗಾರರಾಗುವದಕ್ಕೂ ಕರ್ತನು ನಮಗೆ ಕೃಪೆಯನ್ನು ದಯಪಾಲಿಸಲಿ.