ನಟಿಸಿದ ಕೋಪವು ಅಸತ್ಯವೇ?

ವ್ಯಾಜ್ಯ ಹೂಡಿದ ಇಬ್ಬರ ನಡುವೆ ಕುಳಿತು, ತಾನು ತೀರ್ಪು ನೀಡದೆ, ಅವರೇ ಒಂದು ಒಪ್ಪಂದಕ್ಕೆ ಬರುವಂತೆ ಮಾತಿಗೆ ದಾರಿ ಮಾಡಿಕೊಡುವವನು ಮಧ್ಯಸ್ಥಗಾರ. 1999ರ ತಿದ್ದುಪಡಿಯಿಂದ ಸಿವಿಲ್ ಪ್ರಕ್ರಿಯಾ ಸಂಹಿತೆಗೆ ಸೇರಿ, 2002ರ ಜುಲೈ 1ರಂದು ಜಾರಿಗೆ ಬಂದ 89ನೆಯ ಕಲಂ ಈ ಕಾರ್ಯಕ್ಕೆ ನ್ಯಾಯಾಲಯಗಳಲ್ಲಿ ಸ್ಥಾನ ಕಲ್ಪಿಸಿತು. ಬೆಂಗಳೂರಿನಲ್ಲಿ 2007ರಲ್ಲಿ ಉಚ್ಚ ನ್ಯಾಯಾಲಯದ ಆಶ್ರಯದಲ್ಲಿ ಮಧ್ಯಸ್ಥಿಕೆ ಕೇಂದ್ರವು ಆರಂಭವಾಯಿತು. ಇಂತಹ ಕೇಂದ್ರಗಳಲ್ಲಿ ಸೇವೆ ಸಲ್ಲಿಸಬಯಸುವವರಿಗೆ 40 ಗಂಟೆಗಳ ತರಬೇತಿ ರೂಢಿಯಲ್ಲಿದೆ. ಅದರಲ್ಲಿ ಉಪನ್ಯಾಸಕ್ಕಿಂತ ಹೆಚ್ಚು ಕಲಿಸುವುದು ಪಾತ್ರಾಭಿನಯ.

ಅದರ ಕ್ರಮ ಸರಳವಾದುದು. ಅಣ್ಣತಮ್ಮಂದಿರ ನಡುವಣ ಜವಳಿ ಅಂಗಡಿಯ ಪಾಲಿನ ವ್ಯಾಜ್ಯವೆಂದು ಕಲ್ಪಿಸಿಕೊಳ್ಳಬಹುದು. ಸಾಮಾನ್ಯ ಸಂಗತಿಗಳ ಹಾಳೆ ಮೂವರಿಗೂ ದೊರೆಯುತ್ತದೆ. ಅದಲ್ಲದೆ ಸೋದರರ ಪಾತ್ರ ವಹಿಸುವ ಇಬ್ಬರಿಗೂ ಒಂದೊಂದು ಗುಪ್ತ ಹಾಳೆ. ತಮ್ಮ ಬಾಯಲ್ಲಿ ಕೇಳುವುದು ಹಣ. ಅವನ ಗುಪ್ತ ಹಾಳೆಯಲ್ಲಿರುವುದು, ತಂದೆಯ ಕಾಲದ ಖಾತೆಪುಸ್ತಕವನ್ನು ಅಣ್ಣನು ಒಮ್ಮೆಯೂ ತೋರಿಸಲಿಲ್ಲವೆಂಬ ನೋವು. ಅಣ್ಣನಾದರೋ ಅಂಗಡಿಯ ಸಾಲಕ್ಕೆ ತನ್ನ ಮನೆಯನ್ನು ಒತ್ತೆಯಿಟ್ಟಿದ್ದಾನೆ; ಆ ಸಂಕಟ ತಮ್ಮನಿಗೆ ತಿಳಿಯದಿರಲೆಂದೇ ಪುಸ್ತಕವನ್ನು ಮುಚ್ಚಿಟ್ಟಿದ್ದಾನೆ. ಮಧ್ಯಸ್ಥಗಾರನ ಪಾತ್ರಧಾರಿಗೆ ಇವೆರಡೂ ತಿಳಿಯವು. ಮೊದಲು ಜಂಟಿ ಸಭೆ, ಅನಂತರ ಒಬ್ಬೊಬ್ಬರೊಡನೆ ಏಕಾಂತದ ಮಾತುಕತೆ. ಆತುರದವನು ಬೇಗನೆ ಮೊತ್ತಕ್ಕಿಳಿಯುತ್ತಾನೆ. ಪುಸ್ತಕದ ಮಾತು ಹೊರಬರುವುದೇ ಇಲ್ಲ. ಆಗ ನಿಪುಣ ಶಿಕ್ಷಕನು ಅಭಿನಯವನ್ನು ನಿಲ್ಲಿಸಿ ತಮ್ಮನ ಪಾತ್ರಧಾರಿಯನ್ನು ಕೇಳುತ್ತಾನೆ: ‘ಇವರ ಯಾವ ಮಾತಿಗೆ ನಿಮ್ಮ ಮನಸ್ಸು ಮುಚ್ಚಿಕೊಂಡಿತು?’

ವ್ರತನಿಷ್ಠನಾದ ಶ್ರಾವಕನಿಗೆ ಇಲ್ಲೊಂದು ಸಂದೇಹ ಮೂಡುವುದು ಸಹಜ. ಇಲ್ಲದ ಕೋಪವನ್ನು ತೋರುವುದು, ಬಲ್ಲ ಸಂಗತಿಯನ್ನು ಅಡಗಿಸುವುದು ಸತ್ಯಾಣುವ್ರತಕ್ಕೆ ಭಂಗವಲ್ಲವೇ? ವ್ಯಾಖ್ಯಾನಕಾರರು ಅಸತ್ಯವನ್ನು ಪ್ರಮಾದಯೋಗದೊಡನೆ ಕೂಡಿಸಿಯೇ ವಿವರಿಸಿದ್ದಾರೆ. ಅಭಿನಯವೆಂದು ಮೂವರೂ ಅರಿತಿರುವಲ್ಲಿ ವಂಚಿತನಾದವನು ಯಾರು? ಇನ್ನು ಗುಪ್ತ ಹಾಳೆಯ ವಿಷಯ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ಸುಳ್ಳು ಪತ್ರ ಬರೆಯುವುದನ್ನೂ ಇಟ್ಟ ನ್ಯಾಸವನ್ನು ಅಪಹರಿಸುವುದನ್ನೂ ಎಣಿಸುವಂತೆಯೇ, ಏಕಾಂತದ ವಿಷಯವನ್ನು ಬಯಲಿಗೆಳೆಯುವುದನ್ನೂ ಎಣಿಸಿದೆ. ನ್ಯಾಸವೆಂದರೆ ವರ್ತಕರಿಗೆ ಹಣವೊಂದೇ ನೆನಪಾಗುತ್ತದೆ. ನಂಬಿ ಹೇಳಿದ ಮಾತೂ ಒಂದು ಬಗೆಯ ನ್ಯಾಸವೇ. ಅಣ್ಣನು ಏಕಾಂತದಲ್ಲಿ ತಿಳಿಸಿದ ಒತ್ತೆಯ ವಿಷಯವನ್ನು ಅವನ ಅನುಮತಿಯಿಲ್ಲದೆ ತಮ್ಮನ ಮುಂದೆ ಆಡಬಾರದೆಂಬುದು ಮಧ್ಯಸ್ಥಗಾರನ ಧರ್ಮ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಮಧ್ಯಸ್ಥಿಕೆ ಅಧಿನಿಯಮವೂ ಗೋಪ್ಯತೆಗೆ ನಿಯಮವನ್ನಿರಿಸಿದೆ.

ಅಷ್ಟು ಸುಲಭವಾಗಿ ಪರಿಹಾರವಾಗದ ಆಕ್ಷೇಪ ಬೇರೊಂದುಂಟು. ಆಲಿಸುವಿಕೆಯನ್ನೂ ನಟಿಸಬಹುದು. ತಲೆದೂಗುವುದು, ಎದುರಿನವನ ಮಾತನ್ನೇ ಮರಳಿ ಹೇಳುವುದು, ತಕ್ಕ ಕಡೆ ಮೌನವಾಗಿರುವುದು ಇವೆಲ್ಲ ಅಭ್ಯಾಸದಿಂದ ಬರುತ್ತವೆ, ಕರುಣೆಯಿಲ್ಲದವನಿಗೂ ಬರುತ್ತವೆ. ಇಂತಹವನ ಮುಂದೆ ಮನಸ್ಸು ಬಿಚ್ಚಿದ ಬಡ ಕಕ್ಷಿದಾರನಿಗೆ ಆಗುವ ಹಾನಿ ನಿಜವಾದುದು. ಅಲ್ಲಿ ಮೋಸಹೋಗುವವನಿಗೆ ಇದು ಅಭಿನಯವೆಂದು ತಿಳಿದಿಲ್ಲ.

ಇದಕ್ಕೆ ಮದ್ದು, ಇದ್ದರೆ, ಕಕ್ಷಿದಾರನ ಪೀಠದಲ್ಲಿದೆ. ಕಲಿಯಬಂದವರು ಸಾಮಾನ್ಯವಾಗಿ ಬಯಸುವುದು ಮಧ್ಯಸ್ಥಗಾರನ ಪಾತ್ರವನ್ನೇ. ಸ್ಯಾದ್ವಾದವನ್ನು ಬಾಯಿಪಾಠ ಒಪ್ಪಿಸುವುದು ಕಷ್ಟವಲ್ಲ. ಎದುರಾಳಿಯ ವಾದವನ್ನು ‘ನಾನು’ ಎಂದು ಆರಂಭಿಸಿ ಹೇಳುವಾಗ ನಾಲಿಗೆ ತಡವರಿಸುತ್ತದೆ. ಬಸದಿಗಳ ಆಡಳಿತ ಮಂಡಳಿಗಳಲ್ಲಿ ವಯಸ್ಸೂ ಅನುಭವವೂ ಸಾಕೆಂದು ಪಂಚಾಯಿತಿಗೆ ಕೂರುವ ಹಿರಿಯರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಬಾಳೆಲ್ಲ ಸಾಲ ಕೊಟ್ಟೇ ಬಂದವರ ಕೈಗೆ ಸಾಲ ತೀರಿಸಲಾರದವನ ಹಾಳೆಯನ್ನು ಕೊಟ್ಟು, ಅವರನ್ನು ಮೊದಲು ಆ ಕಡೆಯ ಕುರ್ಚಿಯಲ್ಲಿ ಕೂರಿಸಬೇಕು.