ಶಾಂತಿಯ ವಂದನೆ ಮತ್ತು ಹೊಲದ ಬದು



ಭಾನುವಾರದ ಮುಂಜಾನೆ. ದೇವಾಲಯದ ಎರಡನೆಯ ಗಂಟೆ ಬಾರಿಸಿ ಆಗಿದೆ. ಕೊಟ್ಟಿಗೆಯ ಕೆಲಸ ಮುಗಿಸಿ, ಹಾಲನ್ನು ಡೇರಿಗೆ ಹಾಕಿ, ಮಡಿಬಟ್ಟೆಯುಟ್ಟು ಜನರು ಪೂಜೆಗೆ ಬರುತ್ತಿದ್ದಾರೆ. ಗಂಡಸರು ಒಂದು ಬದಿ, ಹೆಂಗಸರು ಒಂದು ಬದಿ, ಮಕ್ಕಳು ಪೀಠದ ಮುಂದಿನ ಚಾಪೆಯ ಮೇಲೆ. ನಮ್ಮ ಗ್ರಾಮಾಂತರ ಧರ್ಮಕೇಂದ್ರಗಳ ವಾರವೆಲ್ಲವೂ ಆರಾಧನೆಯೊಡನೆ ಹೆಣೆದುಕೊಂಡಿರುತ್ತದೆ: ಮಂಗಳವಾರ ಸಂತ ಅಂತೋಣಿಯವರ ಪ್ರಾರ್ಥನೆ, ಬುಧವಾರ ಸದಾ ಸಹಾಯ ಮಾತೆಯ ನೊವೆನಾ, ತಿಂಗಳ ಮೊದಲ ಶುಕ್ರವಾರ ಯೇಸುವಿನ ಪವಿತ್ರ ಹೃದಯದ ಭಕ್ತಿ, ಶನಿವಾರ ಸಂಜೆ ದೇವಾಲಯ ಗುಡಿಸುವ ಸರದಿ. ಇವುಗಳ ನಡುವೆಯೇ ಸಂತೆ, ನೀರಿನ ಪಾಳಿ, ಕೂಲಿ, ಕೊಯ್ಲು, ಸಾಲ, ಜಗಳ.

ಆ ಆರು ದಿನಗಳ ಬದುಕೂ ಈ ಒಂದು ಗಂಟೆಯ ಪೂಜೆಯೂ ಒಂದನ್ನೊಂದು ನೇರವಾಗಿ ಮುಟ್ಟುವ ಕ್ಷಣವೊಂದು ಬಲಿಪೂಜೆಯಲ್ಲಿದೆ. ಪ್ರಭು ಕಲಿಸಿದ ಪ್ರಾರ್ಥನೆ ಮುಗಿದು ಪರಮಪ್ರಸಾದವನ್ನು ಸ್ವೀಕರಿಸುವ ಮುನ್ನ, ಪರಸ್ಪರ ಶಾಂತಿಯನ್ನು ಹಂಚಿಕೊಳ್ಳುವಂತೆ ಗುರುಗಳು ನಮ್ಮನ್ನು ಆಹ್ವಾನಿಸುತ್ತಾರೆ. ನಾವು ಕೈಮುಗಿದು ಅಕ್ಕಪಕ್ಕದವರಿಗೆ ವಂದಿಸುತ್ತೇವೆ. ಭಾರತದ ಆರಾಧನಾ ವಿಧಿಗಾಗಿ 1969ರಲ್ಲಿ ರೋಮ್ ಒಪ್ಪಿಗೆ ನೀಡಿದ ಹನ್ನೆರಡು ಅಂಶಗಳಲ್ಲಿ ಈ ಅಂಜಲಿಯೂ ಒಂದು. ಅರೆನಿಮಿಷದಲ್ಲಿ ಮುಗಿದುಹೋಗುವ ಈ ವಂದನೆಯ ಭಾರವೆಷ್ಟು ಎಂದು ನಾವೆಂದಾದರೂ ಯೋಚಿಸಿದ್ದೇವೆಯೇ?

ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ಒಂದೇ ಊರಿನ, ಒಂದೇ ಧರ್ಮಕೇಂದ್ರದ ಇಬ್ಬರು ರೈತರು. ಒಬ್ಬನು ಉಳುವಾಗಲೆಲ್ಲ ವರ್ಷಕ್ಕೊಂದು ಸಾಲಿನಂತೆ ಬದುವನ್ನು ಸರಿಸಿ, ಮತ್ತೊಬ್ಬನ ನೆಲವನ್ನು ಒತ್ತುವರಿ ಮಾಡಿಕೊಂಡಿದ್ದಾನೆ. ಪಂಚಾಯಿತಿ ಸೇರಿತು, ಸರ್ವೆಗೆ ಅರ್ಜಿ ಹೋಯಿತು, ಮಾತುಕತೆ ನಿಂತಿತು. ಆದರೂ ಇಬ್ಬರೂ ಭಾನುವಾರ ತಪ್ಪಿಸುವುದಿಲ್ಲ. ಶಾಂತಿಯ ವಂದನೆಯ ಹೊತ್ತಿಗೆ ಒಬ್ಬನು ಬಲಕ್ಕೆ ತಿರುಗುತ್ತಾನೆ, ಇನ್ನೊಬ್ಬನು ಎಡಕ್ಕೆ. ಬಳಿಕ ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ಒಂದೇ ಪ್ರಸಾದವನ್ನು ಸ್ವೀಕರಿಸುತ್ತಾರೆ. ಇದು ಸುಳ್ಳೇ? ಸುಳ್ಳಾದರೆ ಅದು ಯಾರ ಸುಳ್ಳು? ಮನಸ್ಸಿನಲ್ಲಿ ಕಹಿಯಿರುವಾಗ ಪೂಜೆಗೆ ಬಾರದಿರುವುದೇ ಹೆಚ್ಚು ಪ್ರಾಮಾಣಿಕವೇ?

ಪ್ರಶ್ನೆ ಹೊಸದಲ್ಲ. ಆದಿ ಕ್ರೈಸ್ತರ ಕೈಪಿಡಿಯಾದ 'ದಿದಖೆ', ನೆರೆಯವನೊಡನೆ ವ್ಯಾಜ್ಯವಿರುವವನು ರಾಜಿಯಾಗುವ ತನಕ ಭಾನುವಾರದ ಕೂಟಕ್ಕೆ ಸೇರಬಾರದೆಂದು ವಿಧಿಸಿತು. ಕ್ರಿ.ಶ. 155ರ ಸುಮಾರಿಗೆ ಸಂತ ಜಸ್ಟಿನರು ತಮ್ಮ ಕಾಲದ ಭಾನುವಾರವನ್ನು ವರ್ಣಿಸಿದ್ದಾರೆ. ಪಟ್ಟಣದವರೂ ಹಳ್ಳಿಯವರೂ ಒಂದೆಡೆ ಸೇರುತ್ತಿದ್ದರು. ರೊಟ್ಟಿ ಮತ್ತು ದ್ರಾಕ್ಷಾರಸವನ್ನು ತರುವುದಕ್ಕೆ ಮೊದಲೇ ಪರಸ್ಪರ ಮುದ್ದಿಟ್ಟು ವಂದಿಸುತ್ತಿದ್ದರು. ಕೊನೆಗೆ ಸಂಗ್ರಹವಾದ ಕಾಣಿಕೆ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ ತಲುಪುತ್ತಿತ್ತು. ಪೀಠಕ್ಕೂ ಬೀದಿಗೂ ನಡುವೆ ಅವರು ಗೋಡೆ ಕಟ್ಟಿರಲಿಲ್ಲ.

ಇಂಥ ಜಗಳಗಳಲ್ಲಿ ನಾವು ಸಾಮಾನ್ಯವಾಗಿ ಕೊಡುವ ಬುದ್ಧಿಮಾತೇನು? "ಹೋಗಲಿ ಬಿಡಪ್ಪ, ಕ್ಷಮಿಸಿಬಿಡು, ನಾವು ಕ್ರೈಸ್ತರಲ್ಲವೇ?" ಈ ಮಾತನ್ನು ಹೆಚ್ಚಾಗಿ ಕೇಳಿಸಿಕೊಳ್ಳುವವನು ನೆಲ ಕಳೆದುಕೊಂಡವನೇ ಹೊರತು ನೆಲ ಕಿತ್ತುಕೊಂಡವನಲ್ಲ. ದುರ್ಬಲನಿಗೆ ಕ್ಷಮೆಯ ಪಾಠ, ಬಲಿಷ್ಠನಿಗೆ ಮುಂದಿನ ಸಾಲಿನ ಬೆಂಚು! ಸಂತ ಯಕೋಬರು ತಮ್ಮ ಪತ್ರದಲ್ಲಿ ಖಂಡಿಸಿದ ಪಕ್ಷಪಾತ ಇದೇ ಅಲ್ಲವೇ?

ಸಂತ ಮತ್ತಾಯರ ಶುಭಸಂದೇಶದ ಐದನೆಯ ಅಧ್ಯಾಯವನ್ನು ಮತ್ತೊಮ್ಮೆ ನಿಧಾನವಾಗಿ ಓದಿರಿ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಹೋಗಬೇಕಾದವನು ಯಾರು? ಸೋದರನ ಮೇಲೆ ಮುನಿದವನಲ್ಲ; ಯಾರ ಮೇಲೆ ಸೋದರನಿಗೆ ಮನಸ್ತಾಪವಿದೆಯೋ ಅವನು. ಮೊದಲ ಹೆಜ್ಜೆಯನ್ನು ಪ್ರಭು ಅಲ್ಲಿ ಕೇಳುವುದು ತಪ್ಪು ಮಾಡಿದವನಿಂದ. ನೊಂದವನಿಗೂ ಮಾತುಂಟು: ಪ್ರಾರ್ಥನೆಗೆ ನಿಂತಾಗ ಕ್ಷಮಿಸಬೇಕೆಂದು ಸಂತ ಮಾರ್ಕರ ಹನ್ನೊಂದನೆಯ ಅಧ್ಯಾಯ ತಿಳಿಸುತ್ತದೆ. ಆದರೆ ಕ್ಷಮಿಸುವುದೆಂದರೆ ದ್ವೇಷವನ್ನು ಬಿಡುವುದು, ಹಕ್ಕನ್ನು ಬಿಟ್ಟುಕೊಡಲೇಬೇಕೆಂದಲ್ಲ. ಜಕ್ಕಾಯನು ಯೇಸುವಿನ ಮುಂದೆ ಕಣ್ಣೀರಿಟ್ಟು ಸುಮ್ಮನಾಗಲಿಲ್ಲ; ಮೋಸದಿಂದ ಪಡೆದದ್ದನ್ನು ನಾಲ್ಕು ಪಟ್ಟು ಹಿಂತಿರುಗಿಸುವುದಾಗಿ ಎದ್ದುನಿಂತು ನುಡಿದನು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಇದನ್ನೇ ಬೋಧಿಸುತ್ತದೆ: ಪಾಪನಿವೇದನೆಯಲ್ಲಿ ದೊರೆಯುವ ಕ್ಷಮೆ ಪಾಪವನ್ನು ಕಳೆಯುತ್ತದೆ, ಆದರೆ ಪಾಪದಿಂದಾದ ಹಾನಿಯನ್ನು ಸರಿಪಡಿಸುವ ಹೊಣೆ ಉಳಿದೇ ಇರುತ್ತದೆ. ಬದುವನ್ನು ಸರಿಸಿದವನು ಪಾಪನಿವೇದನೆಯ ಬಳಿಕ ಬದುವನ್ನು ಮೊದಲಿದ್ದ ಜಾಗಕ್ಕೆ ತರಲೇಬೇಕು.

ಹಾಗಾದರೆ ರಾಜಿಯಾಗುವ ತನಕ ನೊಂದವನು ಮನೆಯಲ್ಲೇ ಉಳಿಯಬೇಕೇ? ಬೇಡವೆಂದೇ ನನ್ನ ಎಣಿಕೆ. ಸಂತ ಯೊವಾನ್ನರ ಶುಭಸಂದೇಶದ ಇಪ್ಪತ್ತನೆಯ ಅಧ್ಯಾಯವನ್ನು ನೆನೆಯಿರಿ. ಪುನರುತ್ಥಾನರಾದ ಪ್ರಭು ಬಾಗಿಲು ಮುಚ್ಚಿಕೊಂಡು ಕುಳಿತಿದ್ದ ಶಿಷ್ಯರ ನಡುವೆ ನಿಂತು ಶಾಂತಿಯನ್ನು ಹಾರೈಸಿದರು. ಅದರ ಬೆನ್ನಲ್ಲೇ ತಮ್ಮ ಕೈಗಳನ್ನೂ ಪಕ್ಕೆಯನ್ನೂ ತೋರಿಸಿದರು. ಗಾಯಗಳನ್ನು ಮರೆಮಾಚಿ ಕೊಟ್ಟ ಶಾಂತಿ ಅದಾಗಿರಲಿಲ್ಲ. ಗಾಯಗಳನ್ನು ತೋರಿಸಿಯೇ ಕೊಟ್ಟ ಶಾಂತಿ. ಆದುದರಿಂದ ನೊಂದವನು ತನ್ನ ಗಾಯದೊಡನೆಯೇ ಬರಲಿ. ಅವನ ಕೈಮುಗಿತದ ಅರ್ಥ "ಎಲ್ಲವೂ ಸರಿಹೋಯಿತು" ಎಂದಲ್ಲ. "ನಿನ್ನ ಕೇಡನ್ನು ನಾನು ಬಯಸುವುದಿಲ್ಲ, ನ್ಯಾಯಕ್ಕಾಗಿ ಕಾಯುತ್ತಿದ್ದೇನೆ" ಎಂದು. ಅದು ಸುಳ್ಳಲ್ಲ. ಸುಳ್ಳಾಗುವುದು, ಬದುವನ್ನು ಸರಿಪಡಿಸುವ ಮನಸ್ಸೇ ಇಲ್ಲದೆ ಮುಗಿಯುವ ಕೈ.

ಇನ್ನು ಉಳಿದವರು ನಾವು, ಆ ಇಬ್ಬರ ನಡುವಿನ ಬೆಂಚಿನಲ್ಲಿ ಕುಳಿತವರು. ಎಡಕ್ಕೂ ವಂದಿಸಿ ಬಲಕ್ಕೂ ವಂದಿಸಿ ನಮ್ಮ ಪಾಡಿಗೆ ಮನೆಗೆ ಹೋಗುತ್ತೇವೆ. ಬದು ಎಲ್ಲಿತ್ತೆಂದು ಊರಿಗೆಲ್ಲ ಗೊತ್ತು. ಸಾಕ್ಷಿ ಹೇಳಲು ಮಾತ್ರ ಯಾರಿಗೂ ಬಿಡುವಿಲ್ಲ. ನಿಷ್ಠುರವಾಗಬಾರದೆಂಬ ನಮ್ಮ ಜಾಣತನವನ್ನೇ ನಾವು ಶಾಂತಿಯೆಂದು ಕರೆದುಕೊಳ್ಳುತ್ತಿಲ್ಲವೇ? ಆ ಮೌನದಲ್ಲಿ ನಮ್ಮದೂ ಒಂದು ಪಾಲಿದೆ.

ಪೂಜೆಯ ಕೊನೆಯಲ್ಲಿ ಗುರುಗಳು ನಮ್ಮನ್ನು ಶಾಂತಿಯಿಂದ ಕಳುಹಿಸಿಕೊಡುತ್ತಾರೆ. ಲತೀನಿನ 'ಮಿಸ್ಸಾ' ಎಂಬ ಹೆಸರು ಬಲಿಪೂಜೆಗೆ ಬಂದದ್ದೇ ಈ ಬೀಳ್ಕೊಡುಗೆಯಿಂದ. ದೇವಾಲಯದ ಮೆಟ್ಟಿಲಿಳಿದ ಮೇಲೆ ನಮ್ಮ ಮುಂದಿರುವುದು ಅದೇ ಹೊಲ, ಅದೇ ಕಾಲುವೆ, ಅದೇ ನೆರೆಮನೆ. ಮುಂದಿನ ಭಾನುವಾರ ಕೈಮುಗಿಯುವ ಮುನ್ನ ನಮಗೆ ಆರು ದಿನಗಳ ಅವಕಾಶವಿದೆ. ಹಿಂತಿರುಗಿಸಬೇಕಾದ ಸಾಲವೋ, ತಡೆಹಿಡಿದ ಕೂಲಿಯೋ, ಸರಿಸಿದ ಬದುವೋ, ನುಂಗಿಕೊಂಡ ಸಾಕ್ಷಿಯೋ, ನಮ್ಮ ಪಾಲಿನದು ಯಾವುದೆಂದು ನಮಗೆ ತಿಳಿದೇ ಇದೆ. ಅದನ್ನು ತೀರಿಸಿ ಬಂದು ಕೈಮುಗಿಯುವ ಕೃಪೆಯನ್ನು ಪ್ರಭು ನಮಗೆಲ್ಲರಿಗೂ ದಯಪಾಲಿಸಲಿ.