ಇಂದಿನ ಧಮ್ಮ ಚಿಂತನೆ: ಬಣ್ಣ ಹಚ್ಚುವ ಪೀತಿ





ಏಳು ಬೋಧ್ಯಂಗಗಳ ಹೆಸರು ನಮಗೆಲ್ಲ ಬಾಯಿಪಾಠ. ಸ್ಮೃತಿ, ಧಮ್ಮವಿಚಯ, ವೀರ್ಯ, ಪೀತಿ, ಪಸ್ಸದ್ಧಿ, ಸಮಾಧಿ, ಉಪೇಕ್ಷೆ. ಏಳರ ನಟ್ಟನಡುವೆ ನಾಲ್ಕನೆಯದಾಗಿ ಪೀತಿ ಇದೆ. ಕನ್ನಡದ 'ಪ್ರೀತಿ'ಗೂ ಇದಕ್ಕೂ ಮೂಲ ಒಂದೇ. ಆದರೆ ಪಾಲಿಯಲ್ಲಿ ಇದರ ಅರ್ಥ ಮತ್ತೊಬ್ಬರ ಮೇಲಿನ ಒಲವಲ್ಲ. ಮನಸ್ಸು ಒಳ್ಳೆಯದೊಂದರಲ್ಲಿ ನೆಲೆ ನಿಂತಾಗ ಒಳಗಿನಿಂದ ಉಕ್ಕುವ ನಲಿವು ಅದು. ಎಚ್ಚರ, ವಿವೇಚನೆ, ಪರಿಶ್ರಮ ಇವು ಮೂರನ್ನೂ ನಾವು ಸುಲಭವಾಗಿ ಒಪ್ಪುತ್ತೇವೆ, ಮಕ್ಕಳಿಗೂ ಹೇಳುತ್ತೇವೆ. ನಾಲ್ಕನೆಯದಕ್ಕೆ ಬಂದಾಗ ಮಾತ್ರ ಸ್ವಲ್ಪ ಹಿಂಜರಿಕೆ. ನಲಿವು ಎಂದರೆ ಹೊತ್ತು ಕಳೆಯುವುದು, ನಮ್ಮಂಥವರಿಗೆ ಅದಕ್ಕೆಲ್ಲಿ ಪುರುಸೊತ್ತು ಎಂಬ ಭಾವನೆ.

ಮಜ್ಝಿಮ ನಿಕಾಯದ ಮಹಾಸಚ್ಚಕ ಸುತ್ತದಲ್ಲಿ ಭಗವಾನರು ತಮ್ಮದೇ ಕತೆ ಹೇಳುತ್ತಾರೆ. ಅನ್ನ ಬಿಟ್ಟು, ಉಸಿರು ಕಟ್ಟಿ, ಬೆನ್ನುಮೂಳೆ ಕೈಗೆ ಸಿಗುವಷ್ಟು ದೇಹ ದಂಡಿಸಿದರೂ ಅರಿವು ದಕ್ಕಲಿಲ್ಲ. ಆಗ ಅವರಿಗೆ ನೆನಪಾದದ್ದು ಯಾವ ಗುರುವಿನ ಮಾತೂ ಅಲ್ಲ, ತಮ್ಮದೇ ಬಾಲ್ಯ. ತಂದೆ ಹೊಲದ ಕೆಲಸದಲ್ಲಿದ್ದಾಗ ನೇರಳೆ ಮರದ ತಂಪಿನಲ್ಲಿ ಕೂತಿದ್ದ ಹುಡುಗನ ಮನಸ್ಸು ತಾನಾಗಿ ನೆಲೆನಿಂತು ಪೀತಿಯಿಂದ ತುಂಬಿತ್ತು. ಅರಿವಿನ ದಾರಿ ಇದೇ ಇರಬಹುದೇ ಎಂದು ಅವರು ಯೋಚಿಸಿದರು. ಆಮೇಲೆ ಇನ್ನೊಂದು ಪ್ರಶ್ನೆ ಹಾಕಿಕೊಂಡರು: ಕೆಡುಕಿನ ಸೋಂಕಿಲ್ಲದ ಈ ಸುಖಕ್ಕೆ ನಾನೇಕೆ ಹೆದರುತ್ತಿದ್ದೇನೆ? ಈ ಎರಡನೆಯ ಪ್ರಶ್ನೆಯನ್ನು ನಮ್ಮ ಮನೆಗಳಲ್ಲೂ ಕೇಳಿಕೊಳ್ಳಬೇಕು.

ಕಳೆದ ಭಾನುವಾರ ವಿಹಾರದ ಮಕ್ಕಳ ತರಗತಿಯಲ್ಲಿ ಅರಳಿ ಎಲೆಯ ಚಿತ್ರಕ್ಕೆ ಬಣ್ಣ ಹಚ್ಚುವುದಿತ್ತು. ಹಾಳೆ ಹಂಚುವುದು, ಪೆನ್ಸಿಲ್ ಕೆತ್ತಿಕೊಡುವುದು ನನ್ನ ಕೆಲಸ. ಐದು ವರ್ಷದ ಹುಡುಗಿಯೊಬ್ಬಳು ಒಂದು ಹಾಳೆಯನ್ನು ನನ್ನ ಕಡೆ ತಳ್ಳಿ, "ಮಿಸ್, ನೀವೂ ಹಚ್ಚಿ" ಅಂದಳು. ಅವಳ ಪಕ್ಕದಲ್ಲೇ ಚಾಪೆ ಮೇಲೆ ಕುಳಿತೆ. ಇಷ್ಟು ವರ್ಷ ನನ್ನ ಕೈಯಲ್ಲಿದ್ದದ್ದು ಸೀಮೆಸುಣ್ಣ ಮತ್ತು ಕೆಂಪು ಪೆನ್ನು. ಕೆಂಪು ಎಂದರೆ ತಪ್ಪು ತಿದ್ದುವ ಬಣ್ಣ ಅಷ್ಟೇ ಆಗಿತ್ತು. ಅಂದು ಅದೇ ಕೆಂಪನ್ನು ಎಲೆಯ ಅಂಚಿಗೆ ಹಚ್ಚುತ್ತಾ ಹೋದೆ. ಕ್ರೇಯಾನ್ ಹಾಳೆಗೆ ಉಜ್ಜುವ ಸದ್ದು, ಮೇಣದ ವಾಸನೆ, ಗೆರೆ ಹತ್ತಿರ ಬಂದಾಗ ತಾನಾಗಿ ನಿಧಾನವಾಗುವ ಕೈ. ತಲೆ ಎತ್ತಿ ಗಡಿಯಾರ ನೋಡಿದರೆ ಮುಕ್ಕಾಲು ಗಂಟೆ ಕಳೆದಿತ್ತು.

ಇದು ಬರೀ ಮೈಮರೆವಲ್ಲವೇ ಎಂದು ಯಾರಾದರೂ ಕೇಳಬಹುದು. ಮೊಬೈಲಿನಲ್ಲೂ ಹೊತ್ತು ಹೋದದ್ದು ತಿಳಿಯುವುದಿಲ್ಲ. ಆದರೆ ಮೊಬೈಲ್ ಕೆಳಗಿಟ್ಟಾಗ ಮನಸ್ಸು ದಣಿದಿರುತ್ತದೆ, ಜೊತೆಗೆ ಇನ್ನಷ್ಟು ಬೇಕು ಅನ್ನುತ್ತದೆ. ಅದು ತೃಷ್ಣೆಯ ಗುರುತು. ಬಣ್ಣದ ಕಡ್ಡಿ ಕೆಳಗಿಟ್ಟಾಗ ಮನಸ್ಸು ಹಗುರವಾಗಿತ್ತು, ಸಾಕು ಅನ್ನಿಸಿತ್ತು. ಬೋಧ್ಯಂಗಗಳ ಪಟ್ಟಿಯಲ್ಲಿ ಪೀತಿಯ ಮುಂದಿನದು ಪಸ್ಸದ್ಧಿ, ಅಂದರೆ ಶಾಂತಿ. ನಲಿವಿನ ಹಿಂದೆ ಶಾಂತಿ ಬಂತೋ ಹಪಾಹಪಿ ಬಂತೋ ಎಂದು ನೋಡಿಕೊಂಡರೆ ಯಾವುದು ಪೀತಿ, ಯಾವುದು ತೃಷ್ಣೆ ಎಂಬುದು ಗೊತ್ತಾಗುತ್ತದೆ.

ಆ ಹುಡುಗಿ ತನ್ನ ಎಲೆಗೆ ಪೂರ್ತಿ ನೀಲಿ ಹಚ್ಚಿದ್ದಳು. ಎದುರಿಗಿದ್ದ ಹುಡುಗ, "ಎಲೆ ಹಸಿರು ಕಣೇ" ಅಂದ. "ಇದು ಬಾಬಾಸಾಹೇಬರ ಎಲೆ" ಅಂದಳು. ಮುಗಿದ ಮೇಲೆ ಅದೇ ಹಾಳೆಯನ್ನು ಮಡಚಿ ರಾಕೆಟ್ ಮಾಡಿ ಹಾರಿಸಿಬಿಟ್ಟಳು. ಮಕ್ಕಳು ಮಣ್ಣಿನ ಮನೆ ಕಟ್ಟುವ ಉಪಮೆಯನ್ನು ಭಗವಾನರು ರಾಧನೆಂಬ ಭಿಕ್ಷುವಿಗೆ ಹೇಳಿದ್ದಾರೆ. ಆಸೆ ಇರುವತನಕ ಆ ಮನೆ ನನ್ನದು, ಆಸೆ ಕಳಚಿದ ಗಳಿಗೆಯಲ್ಲಿ ಅದೇ ಕೈಕಾಲುಗಳಿಂದ ಕೆಡವಿ ಎದ್ದುಹೋಗುತ್ತಾರೆ. ದೊಡ್ಡವರಾದ ನಾವು ಹಚ್ಚುವ ಮೊದಲೇ ಫೋಟೋ ತೆಗೆದು ಯಾರಿಗೆ ಕಳಿಸಲಿ ಎಂದು ಯೋಚಿಸುತ್ತೇವೆ.

ಮೊಮ್ಮಗನನ್ನು ಬಿಡಲು ಬಂದ ಅಜ್ಜಿಯೊಬ್ಬರು ಬಾಗಿಲ ಬಳಿ ಕೂತಿದ್ದರು. ಅವರಿಗೂ ಹಾಳೆ ಕೊಟ್ಟೆ. "ನಂಗ್ಯಾಕವ್ವ ಇದೆಲ್ಲ, ಮಕ್ಳು ಬರ್ಕೊಳ್ಲಿ. ಕಂಡೋರ ಹೊಲ್ದಲ್ಲಿ ಅರಿಸಿನ ಬಿಡ್ಸಿ ಬಿಡ್ಸಿ ಕೈ ಹಳ್ದಿ ಆಯ್ತಿತ್ತು, ನಾ ಬಣ್ಣ ಮುಟ್ಟಿದ್ದು ಅಷ್ಟೇಯ" ಅಂದರು. ಮೊಮ್ಮಗ ಬಿಡಲಿಲ್ಲ. ಹಳದಿ ಕಡ್ಡಿಯನ್ನೇ ಕೈಗಿಟ್ಟ. ಮೊದಲು ಬೆರಳು ನಡುಗಿತು. ಆಮೇಲೆ ಎಲೆಯ ತುದಿಯವರೆಗೂ ಒಂದು ಚೂರು ಬಿಳಿ ಉಳಿಯದಂತೆ ತುಂಬಿದರು. ಅದು ಅವರಿಗಾಗಿ ಹಚ್ಚಿದ ಹಳದಿ, ಇನ್ನೊಬ್ಬರ ಫಸಲಿನದಲ್ಲ.

ವತ್ಥೂಪಮ ಸುತ್ತದಲ್ಲಿ ಬಟ್ಟೆಗೆ ಬಣ್ಣ ಹಾಕುವವನ ಉಪಮೆ ಇದೆ. ಕೊಳೆಯಾದ ಬಟ್ಟೆಯನ್ನು ನೀಲಿಗೋ ಹಳದಿಗೋ ಕೆಂಪಿಗೋ ಅದ್ದಿದರೆ ಬಣ್ಣ ಮಂಕಾಗುತ್ತದೆ. ಒಗೆದ ಬಟ್ಟೆಯಲ್ಲಿ ಅದೇ ಬಣ್ಣ ಹೊಳೆಯುತ್ತದೆ. ದ್ವೇಷ, ಹೊಟ್ಟೆಕಿಚ್ಚು, ಅಹಂಕಾರಗಳ ಕೊಳೆ ಹೋದಾಗ ಮನಸ್ಸಿಗೆ ಸಂತಸ, ಸಂತಸದಿಂದ ಪೀತಿ, ಪೀತಿಯಿಂದ ಶಾಂತಿ, ಶಾಂತಿಯಿಂದ ಸುಖ, ಸುಖದಿಂದ ಸಮಾಧಿ ಎಂದು ಆ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ತೋರಿಸುತ್ತದೆ. ಒಂದು ಕೊಳೆಯನ್ನು ನಮ್ಮ ಸಮಾಜದ ಅನುಭವದಿಂದ ನಾನು ಸೇರಿಸುತ್ತೇನೆ: ಇದು ನನಗಲ್ಲ ಎಂಬ ಕೀಳರಿಮೆ. ತಲೆಮಾರುಗಳಿಂದ ಇನ್ನೊಬ್ಬರು ನಮ್ಮ ಮೇಲೆ ಮೆತ್ತಿದ ಕೊಳೆ ಅದು. ಅದನ್ನೂ ಒಗೆಯಬೇಕು.

'ಬಣ್ಣ' ಎಂಬುದು 'ವರ್ಣ'ದ ತದ್ಭವ. ಒಂದೇ ಮಾತು ಮಕ್ಕಳ ಕೈಯಲ್ಲಿ ಆಟವಾಯಿತು, ಶಾಸ್ತ್ರಗಳ ಕೈಯಲ್ಲಿ ಬೇಲಿಯಾಯಿತು. ಅಸ್ಸಲಾಯನ ಸುತ್ತದಲ್ಲಿ ಬ್ರಾಹ್ಮಣ ತರುಣನೊಬ್ಬ ವರ್ಣಶ್ರೇಷ್ಠತೆಯ ವಾದ ಹೂಡುತ್ತಾನೆ. ಭಗವಾನರು ಬೆಂಕಿಯ ಉದಾಹರಣೆ ಕೊಡುತ್ತಾರೆ. ಮೇಲಿನವರೆನಿಸಿಕೊಂಡವರು ಗಂಧದ ಕಟ್ಟಿಗೆಯಿಂದ ಹೊತ್ತಿಸಿದ ಬೆಂಕಿ, ಕೆಳಗಿನವರೆನಿಸಿಕೊಂಡವರು ಹಂದಿಯ ಮರಿಗೆಯ ಕಟ್ಟಿಗೆಯಿಂದ ಹೊತ್ತಿಸಿದ ಬೆಂಕಿ: ಎರಡರ ಜ್ವಾಲೆ, ಬಣ್ಣ, ಬೆಳಕು ಒಂದೇ ಅಲ್ಲವೇ ಎಂದು ಕೇಳುತ್ತಾರೆ. ಕ್ರೇಯಾನ್ ಡಬ್ಬಿಯಲ್ಲೂ ಮೇಲು ಕೀಳಿಲ್ಲ, ಮೈಲಿಗೆಯಿಲ್ಲ. ನೀಲಿ ಹಳದಿಯನ್ನು ಮುಟ್ಟಿದರೆ ಯಾವುದೂ ಕೆಡುವುದಿಲ್ಲ, ಹಸಿರು ಹುಟ್ಟುತ್ತದೆ. 1885ರಲ್ಲಿ ಕೊಲಂಬೊದಲ್ಲಿ ರೂಪುಗೊಂಡ ನಮ್ಮ ಪಂಚಶೀಲ ಧ್ವಜದಲ್ಲಿ ನೀಲಿ, ಹಳದಿ, ಕೆಂಪು, ಬಿಳಿ, ಕಿತ್ತಳೆ ಐದೂ ಸಮ ಅಗಲದಲ್ಲಿ ನಿಂತಿವೆ. ಆರನೆಯ ಪಟ್ಟಿಯಲ್ಲಿ ಐದೂ ಒಟ್ಟಿಗಿವೆ.

ಬಾಬಾಸಾಹೇಬರು ಬಾಲಕನಾಗಿದ್ದಾಗ ಶಾಲೆಯಲ್ಲಿ ಕೂರಲು ಪ್ರತ್ಯೇಕ ಗೋಣಿತಟ್ಟು. ಶಾಲೆಯ ಆಳು ಅದನ್ನು ಮುಟ್ಟುತ್ತಿರಲಿಲ್ಲವಾದ್ದರಿಂದ ಸಂಜೆ ಅದನ್ನು ಮನೆಗೆ ಹೊತ್ತೊಯ್ದು ಬೆಳಿಗ್ಗೆ ಮತ್ತೆ ತರಬೇಕಿತ್ತು. ಇಂದು ನಮ್ಮ ಮಕ್ಕಳು ಒಂದೇ ಚಾಪೆಯ ಮೇಲೆ ಕೂತು ಒಂದೇ ಡಬ್ಬಿಗೆ ಕೈಹಾಕುತ್ತಾರೆ ಎಂಬುದು ಸಣ್ಣ ಸಂಗತಿಯಲ್ಲ. "ಬಣ್ಣ ಹಚ್ಚಿದ್ರೆ ಮಾರ್ಕ್ಸ್ ಬರುತ್ತಾ ಮೇಡಂ?" ಎಂದು ಕೇಳುವ ತಂದೆಯ ಆತಂಕ ನನಗೆ ಅರ್ಥವಾಗುತ್ತದೆ. ಓದು ಬೇಕೇ ಬೇಕು. ಆದರೆ 1942ರಲ್ಲಿ ನಾಗಪುರದ ಸಮ್ಮೇಳನದಲ್ಲಿ ಹೋರಾಟವನ್ನೇ ತಮ್ಮ ಪಾಲಿನ ಆನಂದವೆಂದು ಕರೆದವರು ಬಾಬಾಸಾಹೇಬರು. ನಲಿವನ್ನೇ ಕಾಣದ ಮಗು ನಾಳೆ ಯಾವ ಬಲದಿಂದ ಹೋರಾಡುತ್ತದೆ?

ಇಂದಿನ ಅಭ್ಯಾಸ: ಮನೆಯ ಅಥವಾ ಪಕ್ಕದ ಮನೆಯ ಮಗುವಿನ ಜೊತೆ ನೆಲದ ಮೇಲೆ ಕೂತು ಇಪ್ಪತ್ತು ನಿಮಿಷ ಬಣ್ಣ ಹಚ್ಚಿ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಮಗುವನ್ನು ತಿದ್ದಬೇಡಿ, ನಿಮ್ಮ ಚಿತ್ರವನ್ನು ಅದರದಕ್ಕೆ ಹೋಲಿಸಬೇಡಿ. ಹೋಲಿಕೆ ಎದ್ದರೆ "ಹೋಲಿಕೆ ಎದ್ದಿದೆ" ಎಂದು ಗಮನಿಸಿ, ಮತ್ತೆ ಕೈಯ ಕಡೆಗೆ ಬನ್ನಿ. ಮನೆಯಲ್ಲಿ ಹಿರಿಯರಿದ್ದರೆ ಅವರಿಗೂ ಒಂದು ಹಾಳೆ ಕೊಡಿ. ಬೇಡ ಅಂದರೆ ಇನ್ನೊಮ್ಮೆ ಕೇಳಿ. ಮುಗಿದ ಮೇಲೆ ಒಂದು ನಿಮಿಷ ಕಣ್ಣು ಮುಚ್ಚಿ, ಒಳಗೆ ಉಳಿದಿರುವುದು ಶಾಂತಿಯೋ ಹಪಾಹಪಿಯೋ ನೋಡಿಕೊಳ್ಳಿ.

ಎಲ್ಲ ಮಕ್ಕಳ ಕೈಗೂ ಬಣ್ಣ ಸಿಗಲಿ. ಎಲ್ಲ ಹಿರಿಯರ ಮನಸ್ಸಿಗೂ ಪೀತಿ ದಕ್ಕಲಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.
ಜೈ ಭೀಮ್.